ಆರೂಕಾಲು ಅಡಿ ಬಾಗಿಲು, ಏಳಡಿ ಮೇಜು

ಮೇಲಿನ ಮಹಡಿಯಲ್ಲಿ ಮೂರು ಸಲ ದಡ್ ದಡ್ ದಡ್ ಎಂದು ಸದ್ದಾಯಿತು. ಆಮೇಲೆ ಏನೂ ಇಲ್ಲ. ಹಾಸಿಗೆಯ ಬಾಯಿ ಹೊಲಿಯುತ್ತಿದ್ದ ನಾನು ದಬ್ಬಣ ಹಿಡಿದ ಕೈ ನಿಲ್ಲಿಸಿ ಕಿವಿಗೊಟ್ಟೆ. ಬಡಗಿ ಅಣ್ಣನ ಕೆಲಸದ ಕೋಣೆ ನನ್ನ ಹಾಸಿಗೆ ಅಂಗಡಿಯ ನೆತ್ತಿಯ ಮೇಲೇ ಇದೆ. ಅಲ್ಲಿ ಸದ್ದಿದ್ದರೆ ನನಗೆ ಸಿಟ್ಟು, ಸದ್ದಿಲ್ಲದಿದ್ದರೆ ದಿಗಿಲು.

ಹೊರಗೆ ಟೆಂಪೊದವನು ಹಾರನ್ ಬಾರಿಸಿ ಕತ್ತು ಹೊರಹಾಕಿದ.

"ಅಮ್ಮಾ, ಹತ್ತು ಗಂಟೆಯಿಂದ ಕಾಯ್ತಾ ಇದೀನಿ. ನಿಮ್ಮ ಬಡಗಿ ಮೇಜು ಇಳಿಸ್ತಾನೋ ಇಲ್ವೋ ಕೇಳಿ ಹೇಳಿ. ನನಗೆ ಬೇರೆ ಲೋಡಿದೆ."

"ಇಳಿಸದೆ ಅಲ್ಲೇ ಇಟ್ಕೊಂಡು ಪೂಜೆ ಮಾಡ್ತಾನಾ? ಸ್ವಲ್ಪ ತಾಳಪ್ಪ," ಎಂದು ಗದರಿ ಮೆಟ್ಟಿಲು ಹತ್ತಿದೆ. ನಾನು ಮೇಲೆ ಮುಟ್ಟುವಷ್ಟರಲ್ಲಿ ಟೆಂಪೊ ಹೊರಟುಹೋದ ಸದ್ದು ಕೇಳಿತು.

ಮೇಜಿನ ಹಲಗೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿತ್ತು. ದೊಡ್ಡ ದುಂಡು ಹಲಗೆ. ಎರಡು ತಿಂಗಳು ಉಜ್ಜಿ ಉಜ್ಜಿ ಕೆನ್ನೆಯಷ್ಟು ನುಣುಪು ಮಾಡಿದ್ದ. ಅದರ ಪಕ್ಕದಲ್ಲಿ ಅಣ್ಣ ನೆಲದ ಮೇಲೆ ಕೂತಿದ್ದ. ಒಂದು ಕೈಯಲ್ಲಿ ಅಳತೆಯ ಟೇಪು.

"ಏನಾಯ್ತಣ್ಣ?"

"ಆರೂಕಾಲು."

"ಏನು ಆರೂಕಾಲು?"

"ಬಾಗಿಲು, ತಂಗಿ. ಎತ್ತರ ಆರೂಕಾಲು ಅಡಿ. ಮೇಜು ಏಳು. ಓರೆ ಮಾಡಿದೆ, ಎತ್ತಿ ನೋಡಿದೆ, ತಿರುಗಿಸಿ ನೋಡಿದೆ. ಹೋಗಲ್ಲ."

ನಾನು ನಕ್ಕುಬಿಟ್ಟೆ. ನಗಬಾರದಿತ್ತು, ಆದರೆ ಈ ಮನುಷ್ಯನನ್ನು ಬೀದಿಯೆಲ್ಲ ಕರೆಯುವುದೇ 'ಇಂಚುಪಟ್ಟಿ' ಎಂದು. ಯಾರ ಮನೆಗೆ ಹೋದರೂ ಮೊದಲು ಕುರ್ಚಿಯ ಎತ್ತರ ಅಳೆದು ಆಮೇಲೆ ಕೂರುವ ಆಸಾಮಿ. ಈ ಮೇಜು ಹೋಗಬೇಕಿದ್ದ ಶಾಲೆಯ ಊಟದ ಕೋಣೆಯನ್ನು ನಾಲ್ಕು ಸಲ ಅಳೆದು ಬಂದಿದ್ದ. ಅಲ್ಲಿಯ ಬಾಗಿಲು ಸಾಲುವುದಿಲ್ಲವೆಂದು ಗಾರೆ ಮೇಸ್ತ್ರಿಗೆ ಹೇಳಿ ಚೌಕಟ್ಟನ್ನೇ ಕೀಳಿಸಿ, ಗೋಡೆ ಅಷ್ಟಗಲ ಒಡೆಸಿ ಇಟ್ಟಿದ್ದ. ಊರ ಬಾಗಿಲನ್ನೆಲ್ಲ ಅಳೆದವನು ತನ್ನ ಬಾಗಿಲನ್ನು ಮಾತ್ರ ಅಳೆದಿರಲಿಲ್ಲ.

ನಗು ಅರ್ಧಕ್ಕೇ ನಿಂತಿತು. ಅವನ ಇನ್ನೊಂದು ಕೈಯಲ್ಲಿ ಗರಗಸವಿತ್ತು.

"ಎರಡು ಹೋಳು ಮಾಡ್ತೀನಿ. ಬೇರೆ ದಾರಿ ಇಲ್ಲ," ಎಂದ.

ಆ ಮೇಜು ಯಾರಿಗೆ ಎಂಬುದನ್ನು ಹೇಳದಿದ್ದರೆ ನನ್ನ ನಗು ಏಕೆ ನಿಂತಿತು ಎಂಬುದು ನಿಮಗೆ ತಿಳಿಯುವುದಿಲ್ಲ. ನನ್ನ ಮೊಮ್ಮಗಳಿಗೆ ಏಳು ವರ್ಷ. ಹುಟ್ಟಿನಿಂದ ಕಿವಿ ಕೇಳಿಸದು. ಮನೆಯಲ್ಲಿ ಅವಳ ಹೆಸರು ಪಟಾಕಿ. ಕೈಮಾತು ಶುರು ಮಾಡಿದರೆ ಹತ್ತು ಬೆರಳೂ ಸಿಡಿಯುತ್ತವೆ, ನಿಲ್ಲಿಸುವವರಿಲ್ಲ. ಈ ವರ್ಷ ಕಿವಿ ಕೇಳದ ಮಕ್ಕಳ ವಸತಿ ಶಾಲೆಗೆ ಸೇರಿಸಿದೆವು. ಮೊದಲ ತಿಂಗಳ ರಜೆಗೆ ಬಂದವಳು ನೆನೆದ ಪಟಾಕಿಯ ಹಾಗೆ ಮೂಲೆಯಲ್ಲಿ ಕೂತಳು. ಏನೆಂದು ಕೇಳಿದರೆ ಊಟದ ಹೊತ್ತಿನ ಕಥೆ ಹೇಳಿದಳು. ಶಾಲೆಯಲ್ಲಿ ಉದ್ದನೆಯ ಬೆಂಚುಮೇಜು. ಅವಳದು ಕೊನೆಯ ಜಾಗ. ಪಕ್ಕದವಳ ಮೊಣಕೈ ಬಿಟ್ಟರೆ ಬೇರೆ ಯಾರ ಕೈಯೂ ಕಾಣದು. ಕೈ ಕಾಣದಿದ್ದರೆ ಮಾತೂ ಇಲ್ಲ. ಎಲ್ಲರೂ ನಗುತ್ತಾರೆ, ತನಗೆ ಏಕೆಂದು ಗೊತ್ತಾಗುವುದಿಲ್ಲ, ಎಂದಳು. ಅಂದು ಅವಳು ಕೂತಿದ್ದದ್ದು ನನ್ನ ಅಂಗಡಿಯಲ್ಲಿ, ಹತ್ತಿಯ ರಾಶಿಯ ಮೇಲೆ. ಉಗುರು ಬಿಸಿ ನೀರು ಕೇಳಲು ಇಳಿದು ಬಂದಿದ್ದ ಬಡಗಿ ಅಣ್ಣ ನಾನು ಬಿಡಿಸಿ ಹೇಳಿದ್ದನ್ನೆಲ್ಲ ಕೇಳಿ ನೀರು ಮರೆತು ವಾಪಸು ಹೋದ. ಮರುದಿನ ಶಾಲೆಗೆ ಹೋಗಿ ಹನ್ನೊಂದು ಮಕ್ಕಳ ಮೊಣಕೈ ಅಳೆದು ಬಂದ. ಹನ್ನೊಂದು ಮಕ್ಕಳಿಗೆ ತಲಾ ಎರಡಡಿ, ಸುತ್ತಳತೆ ಇಪ್ಪತ್ತೆರಡು, ಅಂದರೆ ಅಡ್ಡಳತೆ ಏಳು. ಹಳೆಯ ಕಟ್ಟಡದ ತೊಲೆ ಬಾಗಿಲುಗಳ ಮರ ಶಾಲೆಯಲ್ಲಿತ್ತು, ಕೆಲಸ ಇವನದು. ಕೂಲಿಯ ಮಾತೆತ್ತಿದರೆ ಟೇಪನ್ನು ಸರ್ರನೆ ಎಳೆದು ಇನ್ನೇನೋ ಅಳೆಯಲು ಹೋಗುತ್ತಿದ್ದ.

ಹಲಗೆ ಒಂದೇ ಆಗಿರಬೇಕು ಎಂಬುದೂ ಅವನದೇ ಹಟ. ಆ ಮಕ್ಕಳು ಒಬ್ಬರನ್ನೊಬ್ಬರು ಕೂಗುವುದು ಮೇಜು ತಟ್ಟಿ. ಒಂದು ಕಡೆ ತಟ್ಟಿದರೆ ಎದುರಿಗಿನವರ ಮೊಣಕೈಗೆ ಅದು ತಲುಪಬೇಕು. ನಡುವೆ ಸೀಳಿದರೆ ಆ ಕರೆ ಸೀಳಿನಲ್ಲೇ ಸತ್ತುಹೋಗುತ್ತದೆ.

"ಗರಗಸ ಕೆಳಗಿಡು," ಎಂದೆ.

"ಮೇಸ್ತ್ರಿ ಒಂದು ಗಂಟೆಗೆ ಚೌಕಟ್ಟು ಕೂರಿಸಿಬಿಡ್ತಾನೆ ತಂಗಿ. ಮೂರಕ್ಕೆ ಅವನ ಬಸ್ಸು, ಬೇರೆ ಊರಿನ ಕೆಲಸ, ಇನ್ನು ಎರಡು ತಿಂಗಳು ಬರಲ್ಲ. ಅಷ್ಟು ದಿನ ಗೋಡೆ ತೆರೆದಿಟ್ಟರೆ ರಾತ್ರಿ ನಾಯಿ ನುಗ್ತವೆ ಅಂತ ಶಾಲೆ ಮೇಡಂ ಕಡ್ಡಿ ಮುರಿದ ಹಾಗೆ ಹೇಳಿದಾರೆ. ಈಗ ಹನ್ನೊಂದೂಕಾಲು."

"ನಿನ್ನ ತಲೆಗೆ ಏನಾಗಿತ್ತು? ಬಾಗಿಲು ಅಂತ ಒಂದಿದೆ ಅನ್ನೋದು ನೆನಪಿರಲಿಲ್ವಾ?"

ಅವನು ತಲೆ ತಗ್ಗಿಸಿ, "ಇಪ್ಪತ್ತು ವರ್ಷ ಕೆಳಗೇ ಇದ್ದೆನಲ್ಲ. ಅಲ್ಲಿ ಹತ್ತಡಿ ಷಟರ್. ಮನಸ್ಸಲ್ಲಿ ಅದೇ ಉಳಿದಿತ್ತು," ಎಂದ.

ಹೋದ ವರ್ಷ ನನ್ನ ಮಂಡಿ ಸವೆದು ಆಗ ಮೇಲಿದ್ದ ನನ್ನ ಅಂಗಡಿಗೆ ಹಾಸಿಗೆ ಹೊತ್ತು ಮೆಟ್ಟಿಲು ಹತ್ತಿಳಿಯಲು ಆಗದೆ ಅಂಗಡಿ ಮುಚ್ಚುತ್ತೇನೆ ಎಂದು ಕೂತಿದ್ದೆ. ಆಗ ಕೆಳಗಿನ ಅಂಗಡಿಯನ್ನು ನನಗೆ ಬಿಟ್ಟುಕೊಟ್ಟು ತಾನು ಮೇಲಕ್ಕೆ ಹೋದವನು ಇವನೇ. ಆ ಆರೂಕಾಲು ಅಡಿ ಬಾಗಿಲು ಅವನಿಗೆ ಬಂದದ್ದು ನನ್ನಿಂದ.

"ಕಿಟಕಿ ಎಷ್ಟಗಲ?" ಎಂದೆ.

ಟೇಪು ತಾನಾಗಿ ಎದ್ದು ನಿಂತ ಹಾಗೆ ಅವನು ಎದ್ದ. ರಸ್ತೆ ಕಡೆಯ ಕಿಟಕಿ ಎಂಟಡಿ. ಸರಳು ಕಿತ್ತರೆ ಹಲಗೆ ಮಲಗಿಕೊಂಡೇ ಹೊರಬರುತ್ತದೆ. ಆದರೆ ಅದರ ಕೆಳಗೆ ನನ್ನ ಅಂಗಡಿಯ ಬೋರ್ಡಿತ್ತು. ಮೂರು ದಿನದ ಹಿಂದಷ್ಟೇ ಹಾಕಿಸಿದ್ದು, ಕೆಂಪು ಅಕ್ಷರ, ಅಕ್ಷರಕ್ಕೆ ಹಳದಿ ಅಂಚು. ಅಂಗಡಿಯ ಹೆಸರಿನ ಕೆಳಗೆ ಜೀವಮಾನದಲ್ಲಿ ಮೊದಲ ಸಲ ನನ್ನ ಹೆಸರು ಬರೆಸಿದ್ದೆ.

"ಬೋರ್ಡು ಅಡ್ಡ ಬರುತ್ತೆ," ಎಂದ ಅವನು ನನ್ನ ಮುಖ ನೋಡದೆ.

"ಬೋರ್ಡಿನ ಚಿಂತೆ ನಿನಗೆ ಬೇಡ. ನೀನು ಸರಳು ಕೀಳು."

ಕೆಳಗಿಳಿದು ಅಂಗಡಿಯಲ್ಲಿದ್ದ ಹಾಸಿಗೆಗಳನ್ನೆಲ್ಲ ಒಂದೊಂದಾಗಿ ರಸ್ತೆಗೆ ಎಳೆದೆ. ಹದಿನಾಲ್ಕು ಹಾಸಿಗೆ. ಮಂಡಿ ಕಿರುಗುಟ್ಟಿತು, ಅದಕ್ಕೂ ಬೈದೆ. ನಾಲ್ಕನೆಯದನ್ನು ಹಾಸುವ ಹೊತ್ತಿಗೆ ಒಂದು ಸಿಟಿ ಬಸ್ಸು ಬಂದು ಮೂಗಿನ ಹತ್ತಿರ ನಿಂತಿತು. ಬಸ್ಸು ಓಡಿಸುತ್ತಿದ್ದವಳು ನನ್ನ ಮಗಳ ವಯಸ್ಸಿನ ಹೆಂಗಸು. ಹಾರನ್ ಒತ್ತಿ ಒತ್ತಿ ಸಾಕಾಗಿ ಇಳಿದು ಬಂದಳು.

"ಏನಮ್ಮಾ ಇದು? ರಸ್ತೆ ಮಧ್ಯ ಮಲಗೋ ಪ್ಲಾನಾ?"

"ಮಲಗೋಕಲ್ಲ. ಮೇಲಿಂದ ಮೇಜು ಬೀಳುತ್ತೆ. ಸುಮ್ಮನೆ ನಿಂತು ನೋಡೋದಾದರೆ ದೂರ ನಿಂತ್ಕೊ. ಕೈ ಹಾಕೋದಾದರೆ ಆ ತುದಿ ಹಿಡಿ," ಎಂದೆ.

ನನ್ನ ಬಾಯಿ ಅಂಥದ್ದು. ಸಹಾಯ ಕೇಳುವಾಗಲೂ ಜಗಳಕ್ಕೆ ಹೋದ ಹಾಗಿರುತ್ತದೆ. ಅವಳು ಒಂದು ಕ್ಷಣ ನನ್ನನ್ನು, ಹಾಸಿಗೆಯನ್ನು, ಮೇಲೆ ಕಿಟಕಿಯ ಸರಳು ಕೀಳುತ್ತಿದ್ದ ಅಣ್ಣನನ್ನು ನೋಡಿದಳು. "ಯಾರಿಗೆ ಮೇಜು?" ಎಂದಳು. ಹೇಳಿದೆ. ಅವಳು ಬಸ್ಸಿನತ್ತ ತಿರುಗಿ, "ಎಲ್ರೂ ಇಳೀರಿ. ತೋಳಲ್ಲಿ ಬಲ ಇರೋರು ಮೇಲೆ ಹೋಗಿ, ಇಲ್ದೋರು ಹಾಸಿಗೆ ಹಿಡೀರಿ," ಎಂದು ಕಂಡಕ್ಟರನ ದನಿಯಲ್ಲಿ ಕೂಗಿದಳು.

ಇಳಿದರು ನೋಡಿ. ಗೊಣಗಿಕೊಂಡು ಇಳಿದವರೂ ಇದ್ದರು, ಆದರೆ ಇಳಿದರು. ಎಂಟು ಜನ ದಡದಡ ಮೆಟ್ಟಿಲು ಹತ್ತಿದರು. ಟೈ ಕಟ್ಟಿದ್ದ ಒಬ್ಬಾತ ಮಾತ್ರ ಬದಿಗೆ ನಿಂತು ಫೋನು ಮಾಡುತ್ತಿದ್ದ: "ಸಾರ್, ಸ್ವಲ್ಪ ಲೇಟಾಗುತ್ತೆ ಸಾರ್. ರಸ್ತೆಗೆ ಮೇಜು ಅಡ್ಡ ಬಂದಿದೆ. ಹೌದು ಸಾರ್, ಮೇಜೇ. ಇಲ್ಲ ಸಾರ್, ಕುಡಿದಿಲ್ಲ." ಫೋನು ಜೇಬಿಗೆ ಹಾಕಿ, ಟೈಯನ್ನು ಭುಜದ ಹಿಂದಕ್ಕೆ ಎಸೆದು, "ನಾನೇನು ಮಾಡ್ಲಿ ಆಂಟಿ?" ಎಂದ.

"ಏಣಿ ಹತ್ತಿ ಆ ಬೋರ್ಡು ತೆಗಿ."

ಮೂರು ತಿರುಪು ಬಿಚ್ಚಿದವು, ನಾಲ್ಕನೆಯದು ಜಪ್ಪಯ್ಯ ಎನ್ನಲಿಲ್ಲ. ಹನ್ನೆರಡಕ್ಕೆ ಹತ್ತು ನಿಮಿಷ. ಆತ ನನ್ನ ಮುಖ ನೋಡಿದ. "ಹೊಡಿ," ಎಂದೆ. ಹೊಡೆದ. ಬೋರ್ಡು ಕೆಳಗೆ ಬಿದ್ದು ಎರಡಾಯಿತು. ಅಂಗಡಿಯ ಹೆಸರು ಒಂದು ಕಡೆ, ನನ್ನ ಹೆಸರು ಇನ್ನೊಂದು ಕಡೆ. ಬಗ್ಗಿ ಎತ್ತಿಕೊಳ್ಳೋಣ ಎನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಆಗಲೇ ಮೇಲಿನಿಂದ ದುಂಡು ಹಲಗೆಯ ಅಂಚು ಹೊರಬರತೊಡಗಿತ್ತು.

ಹಾಸಿಗೆ ಕಟ್ಟುವ ನನ್ನ ಹಗ್ಗಗಳನ್ನು ಅದಕ್ಕೆ ಬಿಗಿದಿದ್ದರು. ಒಂದಡಿ, ಎರಡಡಿ, ಅರ್ಧ ಮೇಜು ಗಾಳಿಯಲ್ಲಿ. ಅಣ್ಣನ ದನಿ ಮಾತ್ರ ಕೇಳುತ್ತಿತ್ತು: "ಸಡಿಲ... ಇನ್ನೂ ಸಡಿಲ... ಹಿಡೀರಿ." ಹಲಗೆ ಮೆಲ್ಲಗೆ ವಾಲಿ, ನೆಟ್ಟಗೆ ತೂಗಿ, ಗೋಡೆಗುಂಟ ಇಳಿಯಿತು. ನೆಲಕ್ಕೆ ಇನ್ನೊಂದು ಆಳೆತ್ತರ ಇದೆ ಎನ್ನುವಾಗ ಯಾರದೋ ಕೈ ಜಾರಿ ಹಗ್ಗ ಸರ್ರೆಂದಿತು.

ಧೊಪ್.

ಎರಡು ಹಾಸಿಗೆಯ ಹೊಟ್ಟೆ ಒಡೆದು ಹತ್ತಿ ಆಕಾಶಕ್ಕೆ ಹಾರಿತು. ಹತ್ತಿಯ ಮಧ್ಯೆ ಮೇಜು ನಿಂತಿತ್ತು, ಬಸ್ಸಿನವಳು ಎದೆಗೊಟ್ಟು ಹಿಡಿದಿದ್ದಳು. ಕಿಟಕಿಯಿಂದ ಅಣ್ಣ ಅರ್ಧ ಹೊರಬಾಗಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ.

"ತಂಗಿ, ಆ ಅಂಚಿಗೆ ಅಂಗೈ ಇಡು. ಈ ಕಡೆ ಅಂಚನ್ನ ಯಾರಾದ್ರೂ ತಟ್ಟಲಿ."

ಅಂಗೈ ಇಟ್ಟೆ. ಆ ಬದಿಯಿಂದ ಬಸ್ಸಿನವಳು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದಳು. ಏಳಡಿ ಮರ ದಾಟಿ ಅದು ನನ್ನ ಅಂಗೈಗೆ ಬಂತು, ಮಗುವಿನ ಎದೆ ಮುಟ್ಟಿದಾಗ ಬರುವ ಬಡಿತದಂತೆ.

"ಬಂತಣ್ಣ," ಎಂದು ಕೂಗಿದೆ. "ಬಿರುಕಿಲ್ಲ. ಗಟ್ಟಿಯಾಗಿದೆ."

ಇಡೀ ಬೀದಿ ಚಪ್ಪಾಳೆ ಹೊಡೆಯಿತು. ಹೊಡೆಯುವವರ ತಲೆ, ಹುಬ್ಬು, ಮೀಸೆಯಲ್ಲೆಲ್ಲ ಹತ್ತಿ.

ಆದರೆ ಟೆಂಪೊ ಇಲ್ಲ. ಶಾಲೆ ಒಂದೂವರೆ ಕಿಲೋಮೀಟರು. ಗಂಟೆ ಹನ್ನೆರಡೂ ಹತ್ತು. ದುಂಡಗಿರುವುದನ್ನು ಹೊರುವುದೇಕೆ, ಉರುಳಿಸೋಣ ಎಂದು ಟೈಯವನು ಹೇಳಿದ. ಅಣ್ಣ ಬೆಚ್ಚಿಬಿದ್ದ. ಎರಡು ತಿಂಗಳು ಉಜ್ಜಿದ ಅಂಚು ಡಾಂಬರಿನ ಮೇಲೆ ನೂರು ಹೆಜ್ಜೆಗೆ ಹಲ್ಲು ಹಲ್ಲಾಗುತ್ತದೆ.

ಇಲ್ಲಿ ನನ್ನ ಕಸುಬು ಬಂತು. ಹೊಟ್ಟೆ ಒಡೆದ ಹಾಸಿಗೆಗಳನ್ನು ಉದ್ದಕ್ಕೆ ಸೀಳಿ, ಗೇಣಗಲದ ಪಟ್ಟಿ ಮಾಡಿ, ಹತ್ತಿ ತುರುಕಿ, ಅಂಚಿನ ಸುತ್ತ ಹೊದಿಸಿ ಹೊಲಿಯತೊಡಗಿದೆ. ಹೊಲಿಗೆ ಬಲ್ಲವರು ಯಾರಿದ್ದೀರಿ ಎಂದು ಕೇಳುವ ಮೊದಲೇ ಇಬ್ಬರು ಅಜ್ಜಿಯರು ನನ್ನ ಡಬ್ಬಿಯಿಂದ ದಬ್ಬಣ ಎತ್ತಿಕೊಂಡಿದ್ದರು. ಒಬ್ಬಾಕೆ ನನ್ನ ಹೊಲಿಗೆ ನೋಡಿ, "ಇಷ್ಟು ಒತ್ತೊತ್ತಾಗಿ ಯಾಕೆ, ಮದುವೆ ಸೀರೆಯೇ?" ಎಂದಳು. ನನಗೇ ಬೈಯುವವರು ಸಿಕ್ಕಿದ್ದು ಹಿತವಾಯಿತು. ಇಪ್ಪತ್ತೆರಡಡಿ ಅಂಚನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸಿದೆವು. ನನ್ನ ಬೆರಳಿಗೆ ಏಳು ಕಡೆ ಚುಚ್ಚಿತ್ತು, ಅದು ಆಮೇಲೆ ಗೊತ್ತಾಯಿತು.

"ಹೇಗೂ ನಿಮ್ಮ ಹಿಂದೆ ತೆವಳಬೇಕು. ಅದರ ಬದಲು ನಾನೇ ಮುಂದೆ ಹೋಗಿ ದಾರಿ ಬಿಡಿಸ್ತೀನಿ," ಎಂದು ಬಸ್ಸಿನವಳು ಸೀಟೇರಿದಳು. ಮೇಜಿನ ಕಾಲುಗಳು ಬಸ್ಸಿನೊಳಗೆ, ಬಲವಿಲ್ಲದವರು ಬಸ್ಸಿನೊಳಗೆ, ಮಿಕ್ಕವರೆಲ್ಲ ಮೇಜಿನ ಸುತ್ತ. ಹೊರಟೆವು.

ನನ್ನ ಐವತ್ತಾರು ವರ್ಷದಲ್ಲಿ ನಾನು ಅಷ್ಟು ಜನರ ಜೊತೆ ಓಡಿದ್ದಿಲ್ಲ. ಮುಂದೆ ಹಾರನ್ ಬಾರಿಸುತ್ತ ಬಸ್ಸು, ಹಿಂದೆ ಹಾಸಿಗೆ ತೊಟ್ಟ ದೈತ್ಯ ಚಕ್ರ, ಎರಡೂ ಬದಿಗೆ ಕೈಕೊಟ್ಟ ಜನ, ಹಿಂದಿನಿಂದ ಹಗ್ಗ ಜಗ್ಗಿ ಹಿಡಿದವರು. ಅಂಗಡಿಗಳವರು ಹೊರಬಂದು ನೋಡಿದರು, ನೋಡಿದವರಲ್ಲಿ ಕೆಲವರು ಸೇರಿಕೊಂಡರು. ಕ್ಷೌರದಂಗಡಿಯಿಂದ ಅರ್ಧ ಗಡ್ಡ ಬೋಳಿಸಿಕೊಂಡ ಒಬ್ಬ ಕತ್ತಿನ ಬಟ್ಟೆ ಸಮೇತ ಬಂದು ಹಗ್ಗ ಹಿಡಿದ. ಏನು, ಎತ್ತ ಎಂದು ಅವನು ಕೇಳಲೂ ಇಲ್ಲ. ಅಣ್ಣ ಮಾತ್ರ ಮೇಜಿಗೆ ಮುಖ ಮಾಡಿ ಹಿಂದುಹಿಂದಕ್ಕೆ ಓಡುತ್ತಿದ್ದ. "ಎಡಕ್ಕೆ ಎರಡಿಂಚು... ಬಲಕ್ಕೆ ಒಂದಿಂಚು."

"ನಿನ್ನ ಇಂಚು ಸುಡು. ಮುಂದೆ ನೋಡಿ ಓಡಣ್ಣ, ಬೀಳ್ತೀಯ," ಎಂದು ನಾನು ಏದುಸಿರಿನಲ್ಲೇ ಬೈದೆ.

ಶಾಲೆಯ ಹತ್ತಿರ ರಸ್ತೆ ಇಳಿಜಾರು. ಅಲ್ಲಿ ಮೇಜಿಗೆ ಜೀವ ಬಂದುಬಿಟ್ಟಿತು. ಹಗ್ಗದವರು ಹಿಮ್ಮಡಿ ಊರಿ ಹಿಡಿದರೂ ಅದು ಅವರನ್ನೇ ಎಳೆದುಕೊಂಡು ಓಡಿತು. ನನ್ನ ಮಂಡಿ ನನ್ನದೇ ಎನ್ನುವುದು ಮರೆತುಹೋಯಿತು. ಹೆದರಬೇಕಾದ ಹೊತ್ತಿನಲ್ಲಿ ನಗು ಬರುತ್ತಿತ್ತು, ಪಕ್ಕದಲ್ಲಿ ಟೈಯವನೂ ನಗುತ್ತಿದ್ದ, ನಗುತ್ತಲೇ ಶಾಲೆಯ ಗೇಟು ಹೊಕ್ಕೆವು.

ಒಂದು ಗಂಟೆ ದಾಟಿ ಎಂಟು ನಿಮಿಷವಾಗಿತ್ತು. ಮೇಸ್ತ್ರಿ ಒಡೆದ ಗೋಡೆಯ ನಡುವೆ ಚೌಕಟ್ಟು ನಿಲ್ಲಿಸಿ, ಬೆಣೆ ಹೊಡೆದು, ಕರಣೆಯಲ್ಲಿ ಗಾರೆ ತೆಗೆದು ಮೊದಲ ಕಲ್ಲಿಗೆ ಬಳಿಯಲು ಕೈ ಎತ್ತಿದ್ದ. ತಿರುಗಿ ನೋಡಿದ. ಹಾರನ್ ಬಾರಿಸುತ್ತಿರುವ ಬಸ್ಸು, ಹಾಸಿಗೆ ಹೊದ್ದ ಚಕ್ರ, ತಲೆಯೆಲ್ಲ ಹತ್ತಿಯಾದ ಮೂವತ್ತು ನಲವತ್ತು ಜನ, ಅರ್ಧ ಗಡ್ಡದವನೊಬ್ಬ. ಕರಣೆಯ ಗಾರೆ ಅವನ ಕಾಲ ಮೇಲೇ ಬಿತ್ತು.

"ಹೇಳಿದ ಟೈಮಿಗೆ ಬರೋದು ಬಿಟ್ಟು ಮೆರವಣಿಗೆಯಲ್ಲಿ ಬರ್ತೀರಲ್ರೀ," ಎನ್ನುತ್ತ ತಾನೇ ಬೆಣೆ ಕಿತ್ತು ಚೌಕಟ್ಟು ಪಕ್ಕಕ್ಕಿಟ್ಟ.

ಮೇಜು ಒಳಗೆ ಹೋಯಿತು. ಎರಡೂ ಬದಿಗೆ ನಾಲ್ಕು ನಾಲ್ಕು ಬೆರಳು ಜಾಗ ಉಳಿಯಿತು, ಅಣ್ಣ ಹೇಳಿದ್ದಷ್ಟೇ. ಹೊಲಿಗೆ ಬಿಚ್ಚಿದೆ. ಅಂಚಿನಲ್ಲಿ ಒಂದು ಗೀರಿಲ್ಲ. ಕಾಲುಗಳು ಕೂತವು, ಮೇಸ್ತ್ರಿ ನಮ್ಮ ಬೆನ್ನ ಹಿಂದೆ ಚೌಕಟ್ಟು ಕೂರಿಸತೊಡಗಿದ. ಇನ್ನು ಆ ಮೇಜು ಆ ಕೋಣೆ ಬಿಟ್ಟು ಎಲ್ಲಿಗೂ ಹೋಗುವಂತಿಲ್ಲ.

ಹನ್ನೊಂದು ಮಕ್ಕಳು ಬಂದು ಕೂತರು. ಪಟಾಕಿ ಎಲ್ಲರಿಗಿಂತ ಕೊನೆಗೆ ಬಂದು, ಅಭ್ಯಾಸಬಲದಿಂದ ಕೊನೆಯ ಜಾಗ ಹುಡುಕಿದಳು. ದುಂಡು ಮೇಜಿಗೆ ಕೊನೆ ಎಲ್ಲಿಯದು? ಸುತ್ತಿ ಸುತ್ತಿ ಕಡೆಗೆ ಖಾಲಿ ಇದ್ದಲ್ಲಿ ಕೂತಳು. ತಟ್ಟೆ ಬಂತು. ಅವಳು ತಲೆ ಎತ್ತಲಿಲ್ಲ. ನಾನು ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಹದಿನಾಲ್ಕು ಹಾಸಿಗೆ, ಒಂದು ಬೋರ್ಡು, ಒಂದು ಬಸ್ಸಿನ ಜನ, ಎಲ್ಲವೂ ಆ ಮಗು ತಲೆ ಎತ್ತುವುದಕ್ಕಾಗಿ ಕಾಯುತ್ತಿದ್ದವು.

ಅವಳು ಅಂಗೈಯಿಂದ ಮೇಜನ್ನು ಒಮ್ಮೆ ತಟ್ಟಿದಳು, ತೀರಾ ಮೆಲ್ಲಗೆ, ಆಗುವುದಿಲ್ಲ ಎಂದುಕೊಂಡೇ ತಟ್ಟಿದ ಹಾಗೆ.

ಹತ್ತು ತಲೆಗಳು ಒಟ್ಟಿಗೆ ಎದ್ದವು. ಹತ್ತು ಜೊತೆ ಕಣ್ಣು ಅವಳ ಮೇಲೆ.

ಪಟಾಕಿ ಹತ್ತಿಕೊಂಡಿತು. ಏನು ಹೇಳಿದಳೋ, ಎಲ್ಲರೂ ನಕ್ಕರು. ಎದುರಿಗಿದ್ದವನು ಉತ್ತರ ಕೊಟ್ಟ, ಇವಳು ಅದಕ್ಕೆ ಮರುತ್ತರ. ಇಪ್ಪತ್ತೆರಡು ಕೈಗಳು ಗಾಳಿಯಲ್ಲಿ, ಊಟ ಕೇಳುವವರಿಲ್ಲ. ಬಸ್ಸಿನವಳು ಮೂಗು ಒರೆಸಿಕೊಂಡಳು. ಅಣ್ಣ ಟೇಪು ತೆಗೆದು ಕಿಟಕಿಯ ಅಗಲ ಅಳೆಯಲು ಹೋದ. ಅವನಿಗೆ ಅಳು ಬಂದಾಗ ಅದೇ ಕೆಲಸ. ನಾನು ಮುಚ್ಚಿಡಲು ಹೋಗಲಿಲ್ಲ, ಸೆರಗಿನ ತುಂಬ ಅತ್ತೆ.

ಊಟವಾದ ಮೇಲೆ ಟೀಚರು ನಮ್ಮನ್ನು ಕರೆದು ನಿಲ್ಲಿಸಿದರು. ಆ ಮಕ್ಕಳಲ್ಲಿ ಒಂದು ಪದ್ಧತಿಯಿದೆಯಂತೆ. ತಮ್ಮವರು ಎನಿಸಿದವರಿಗೆ ಕೈಮಾತಿನಲ್ಲಿ ಒಂದು ಹೆಸರಿಡುತ್ತಾರೆ. ಅದನ್ನು ನಾವು ಕೇಳಿ ಪಡೆಯುವಂತಿಲ್ಲ, ನಾವೇ ಇಟ್ಟುಕೊಳ್ಳುವಂತೆಯೂ ಇಲ್ಲ. ಟೀಚರಿಗೇ ಹೆಸರು ಸಿಗಲು ಒಂದು ವರ್ಷ ಬೇಕಾಯಿತಂತೆ.

ಅಣ್ಣನದು ಕೂಡಲೇ ಆಯಿತು. ಒಂದು ಕೈಯಿಂದ ಇನ್ನೊಂದು ಕೈಗೆ ಟೇಪು ಎಳೆದ ಹಾಗೆ ಮಾಡಿ, ಆಮೇಲೆ ಹಣೆಗೆ ಫಟ್ ಎಂದು ಒಂದೇಟು. ಬಾಗಿಲಿನ ಕಥೆ ಆಗಲೇ ಅವರಿಗೆ ಮುಟ್ಟಿತ್ತು. ಅಣ್ಣ ಅದನ್ನು ಎರಡು ಸಲ ಮಾಡಿ ಕಲಿತ, ಎರಡನೆಯ ಸಲ ಹಣೆಗೆ ಜೋರಾಗಿಯೇ ಹೊಡೆದುಕೊಂಡ.

ನನ್ನದಕ್ಕೆ ಚರ್ಚೆ ನಡೆಯಿತು. ಬೆರಳೆತ್ತಿ ಗದರುವುದೇ ನನ್ನ ಹೆಸರಾಗುತ್ತದೆ ಎಂದು ನಾನು ತಯಾರಾಗಿದ್ದೆ. ಯಾರು ತಾನೇ ಬೇರೆ ಏನು ಹೇಳಿಯಾರು? ಪಟಾಕಿ ಎದ್ದು ಬಂದು ನನ್ನ ಮುಂದೆ ನಿಂತಳು. ತೋರುಬೆರಳು ಎತ್ತಿ ಗದರಿದಳು. ಸರಿ, ಅಷ್ಟೇ ಎಂದುಕೊಂಡೆ. ಆದರೆ ಆ ಬೆರಳು ಅಲ್ಲಿಗೇ ನಿಲ್ಲಲಿಲ್ಲ. ಗದರುತ್ತಲೇ ಬಿಚ್ಚಿಕೊಂಡು ಅಂಗೈಯಾಗಿ, ಮೆತ್ತಗೆ ಕೆಳಗಿಳಿದು, ಬೀಳುತ್ತಿದ್ದ ಇನ್ನೊಂದು ಕೈಯ ಅಡಿಗೆ ಹಾಸಿಗೆಯ ಹಾಗೆ ಹೋಗಿ ನಿಂತಿತು. ಹತ್ತು ಮಕ್ಕಳು ಒಟ್ಟಿಗೆ ಅದನ್ನೇ ಮಾಡಿ ನನ್ನನ್ನು ಕರೆದರು.

ಬೋರ್ಡು ಇನ್ನೂ ಹಾಗೇ ಇದೆ, ಎರಡು ತುಂಡು. ಬಡಗಿ ಅಣ್ಣ ಕೂಡಿಸಿಕೊಡುತ್ತೇನೆ ಎಂದು ದಿನವೂ ಬಂದು ಅಳೆದು ಹೋಗುತ್ತಾನೆ. ಬಸ್ಸಿನವಳು ದಾಟುವಾಗಲೆಲ್ಲ ಒಂದು ಹಾರನ್ ಹೊಡೆಯುತ್ತಾಳೆ, ಕಿಟಕಿಯಿಂದ ಕೈ ಹೊರಹಾಕಿ ಬೆರಳೆತ್ತಿ ಗದರಿ ಅಂಗೈ ಬಿಚ್ಚುತ್ತಾಳೆ.

ಹೋದ ವಾರ ಶಾಲೆಯಿಂದ ಒಂದು ಚೀಟಿ ಬಂತು. 'ನಿಮ್ಮ ಮೊಮ್ಮಗಳು ಊಟದ ಹೊತ್ತಿನಲ್ಲಿ ವಿಪರೀತ ಮಾತಾಡುತ್ತಾಳೆ, ತಾನೂ ಉಣ್ಣುವುದಿಲ್ಲ, ಬೇರೆಯವರನ್ನೂ ಉಣ್ಣಲು ಬಿಡುವುದಿಲ್ಲ. ದಯವಿಟ್ಟು ಬುದ್ಧಿ ಹೇಳಿ.' ಆ ಚೀಟಿಯನ್ನು ನಾಲ್ಕಾಗಿ ಮಡಚಿ ದಬ್ಬಣದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ. ಬೇಸರವಾದಾಗ ತೆಗೆದು ಓದುತ್ತೇನೆ. ಬೈಯಬೇಕೆಂದು ಎಷ್ಟು ಸಲ ಹೊರಟರೂ ಬಾಯೇ ಬರುತ್ತಿಲ್ಲ.